ಹೆಸರು ಹಾಕಿ ಕೊಟ್ಟ ನೋವು

ಮಾತ್ರೆ ಶುರುಮಾಡಿದ ದಿನ ಮಧ್ಯಾಹ್ನ ನನ್ನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಹಾಗಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಒಳಗಿರುವ ರಕ್ತವೆಲ್ಲ ಹೀಗೆ ಹರಿದುಹೋಗುತ್ತಿದೆ ಎಂದುಕೊಂಡು ಚೊಂಬು ಹಿಡಿದು ಬಚ್ಚಲಿನಲ್ಲೇ ಎಷ್ಟೋ ಹೊತ್ತು ಕುಳಿತುಬಿಟ್ಟೆ. ಅದು ಮಾತ್ರೆಯ ಬಣ್ಣ ಅಷ್ಟೇ, ಬೆವರಿಗೂ ಬರುತ್ತದೆ, ಕಣ್ಣೀರಿಗೂ ಬರುತ್ತದೆ ಎಂದು ತಿಳಿದದ್ದು ಮಾರನೆಯ ದಿನ. ಈಗ ನಮ್ಮ ಬೀದಿಯಲ್ಲಿ ಯಾರಿಗಾದರೂ ಕ್ಷಯದ ಮಾತ್ರೆ ಶುರುವಾಯಿತೆಂದರೆ ನಾನು ಮೊದಲು ಹೋಗಿ ಈ ಮಾತು ಹೇಳಿ ಬರುತ್ತೇನೆ. ಇದನ್ನು ಬರೆಯಲು ಕುಳಿತದ್ದೂ ಅದಕ್ಕೇ, ಹೆದರಿ ಕುಳಿತವರು ಇನ್ನೂ ಇದ್ದಾರು ಅಂತ. ಆದರೆ ಬರೆಯುತ್ತ ಹೋದರೆ ನನ್ನ ಕಾಯಿಲೆಯ ಕಥೆಯೊಳಗೆ ಪಕ್ಕದ ಮಂಚದವಳು ಬಂದು ಕೂರುತ್ತಾಳೆ. ಹದಿನೈದು ವರ್ಷವಾದರೂ ಅವಳನ್ನು ಬಿಟ್ಟು ಇದನ್ನು ಹೇಳುವುದು ನನಗೆ ಸಾಧ್ಯವಾಗಿಲ್ಲ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ನಮ್ಮ ಯಜಮಾನರು ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆ ನಾನು ಪಕ್ಕದಲ್ಲೇ ರಾಟೆ ಇಟ್ಟುಕೊಂಡು ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ಆಗ ನನಗೆ ಮೂವತ್ತೈದು. ದೊಡ್ಡ ಮಗಳು ಸುಧಾ ಐದನೇ ಕ್ಲಾಸು, ಚಿಕ್ಕವಳು ಗೀತಾ ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ದಸರಾ ಮುಗಿದ ಮೇಲೆ ಹಿಡಿದ ಕೆಮ್ಮು ಸಂಕ್ರಾಂತಿಯಾದರೂ ಬಿಡಲಿಲ್ಲ. ರೇಷ್ಮೆಯ ದೂಳು ಅಂದೆವು, ಬಣ್ಣ ಹಾಕುವ ನೀರಿನ ಹಬೆ ಅಂದೆವು. ಮೆಣಸಿನ ಕಷಾಯ ಕುಡಿದೆ, ಅರಿಸಿನದ ಹಾಲು ಕುಡಿದೆ. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ರವಿಕೆಯ ತೋಳುಗಳು ಸಡಿಲವಾದಾಗ ಯಾರಿಗೂ ಹೇಳದೆ ಒಂದೊಂದು ಹೊಲಿಗೆ ಒಳಕ್ಕೆ ಹಾಕಿಕೊಂಡೆ.

ಒಂದು ಬೆಳಿಗ್ಗೆ ಕಂಡಿಕೆ ಸುತ್ತುವಾಗ ಕೆಮ್ಮು ಒತ್ತಿಕೊಂಡು ಬಂತು. ಸೆರಗು ಬಾಯಿಗೆ ಹೋಗುವಷ್ಟರಲ್ಲಿ ಬಿಳಿ ರೇಷ್ಮೆಯ ಲಡಿಯ ಮೇಲೆ ಕೆಂಪು ಹನಿ ಬಿದ್ದಿತ್ತು. ಅಯ್ಯೋ ಲಡಿ ಹಾಳಾಯಿತಲ್ಲ ಎಂಬುದೇ ನನಗೆ ಮೊದಲು ಹೊಳೆದದ್ದು. ಯಜಮಾನರು ಲಾಳಿ ನಿಲ್ಲಿಸಿದರು.

"ಎಲ್ಲಿಂದ ಬಂತು ರತ್ನಾ ಇದು?"

"ಹಲ್ಲಿಂದ ಕಣ್ರೀ" ಎಂದೆ.

ನನ್ನ ತವರು ಯಳಂದೂರು. ಅಲ್ಲಿ ನಮ್ಮವ್ವ ಇದೇ ಕಾಯಿಲೆಯಲ್ಲಿ ಹೋದವಳು. ಕೊನೆಯ ಒಂದು ವರ್ಷ ಹಿತ್ತಲ ಕೊಟ್ಟಿಗೆಯಲ್ಲಿ, ಬೇರೆ ಚಾಪೆ, ಬೇರೆ ತಟ್ಟೆ, ಬಾಗಿಲಾಚೆಯಿಂದ ನಮ್ಮನ್ನು ನೋಡುತ್ತ. ಅವ್ವನೂ ಮೊದಲ ಸಲ ಹಲ್ಲಿಂದ ಎಂದೇ ಹೇಳಿದ್ದಳು.

ಎಕ್ಸ್‌ರೇ ಆಯಿತು. ಎಡಗಡೆ ಎದೆಯಲ್ಲಿ ಬೆಳ್ಳಗೆ ಮೋಡ ಕವಿದ ಹಾಗಿತ್ತು. ಅತ್ತೆ ನನ್ನ ತಟ್ಟೆಯ ಅಂಚಿನಲ್ಲಿ ಮೊಳೆಯಿಂದ ಗೀಟು ಎಳೆದು ಗುರುತು ಮಾಡಿದರು. ಗೀತಾ ಓಡಿ ಬಂದು ನನ್ನ ಸೊಂಟ ಹಿಡಿದಾಗ ಅವಳನ್ನು ಎತ್ತಿಕೊಂಡು ಹೊರಗೆ ಹೋದರು. ನಾನು ಬೈದುಕೊಂಡೆ, ಮನಸ್ಸಿನಲ್ಲೇ. ಆದರೆ ಆವತ್ತಿನಿಂದ ಇಬ್ಬರು ಮಕ್ಕಳ ತಲೆ ಬಾಚಿ ಜಡೆ ಹಾಕಿದವರೂ ಅವರೇ.

ಹನೂರಿನ ಆಚೆ, ಬಸ್ಸಿಳಿದು ಒಂದು ಮೈಲಿ ನಡೆದರೆ, ಕ್ರೈಸ್ತ ಸಿಸ್ಟರ್‌ಗಳು ನಡೆಸುವ ಒಂದು ಸಣ್ಣ ಆಸ್ಪತ್ರೆ ಇತ್ತು. ಹೆಂಚಿನ ಕಟ್ಟಡ, ಉದ್ದನೆಯ ಜಗಲಿ. ಜಗಲಿಯ ಗೋಡೆಯುದ್ದಕ್ಕೂ ಯೇಸು ಶಿಲುಬೆ ಹೊತ್ತು ಹೋಗುವ ಹದಿನಾಲ್ಕು ಪಟಗಳು. ಅವುಗಳ ಕೆಳಗಿನ ಬೆಂಚಿನ ಮೇಲೆ ನಾವೆಲ್ಲ ಎಕ್ಸ್‌ರೇ ಕವರು ತೊಡೆಯ ಮೇಲಿಟ್ಟುಕೊಂಡು ಕುಳಿತೆವು. ಲೊಕ್ಕನಹಳ್ಳಿಯಿಂದ ಬಂದ ಹೆಂಗಸೊಬ್ಬಳು ನನ್ನ ಕವರು ನೋಡಿ, "ನಿಂದೂ ಎದೆದಾ? ನಂಗೆ ಆರು ತಿಂಗ್ಳಾಯ್ತು, ನೋಡು, ಎಂಗ್ ಊದ್ಕಂಡಿವ್ನಿ" ಎಂದು ತನ್ನ ತುಂಬಿದ ಕೆನ್ನೆ ತೋರಿಸಿ, ಸೆರಗಿನಲ್ಲಿ ಕಟ್ಟಿದ್ದ ಹುರಿಗಡಲೆಯನ್ನು ನನ್ನ ಅಂಗೈಗೆ ಸುರಿದಳು. ಮುಟ್ಟಿಯೇ ಸುರಿದಳು. ಹದಿನೈದು ದಿನದಿಂದ ಯಾರೂ ನನ್ನ ಕೈ ಮುಟ್ಟಿರಲಿಲ್ಲ.

ಅಲ್ಲಿ ಡಾಕ್ಟರೂ ಒಬ್ಬ ಸಿಸ್ಟರೇ. ಎಲ್ಲರೂ ಡಾಕ್ಟರ್ ಸಿಸ್ಟರ್ ಎನ್ನುತ್ತಿದ್ದರು. "ಗುಣ ಆಗತ್ತೆ. ಆದರೆ ಎರಡು ತಿಂಗಳು ಇಲ್ಲೇ ಇರಬೇಕು. ದಿನಾ ಸೂಜಿ, ಮಾತ್ರೆ" ಎಂದರು.

"ಮಕ್ಳು ಚಿಕ್ಕವು ಮೇಡಂ" ಎಂದರು ಯಜಮಾನರು.

"ಅದಕ್ಕೇ ಇರಬೇಕು ಅಂತಿರೋದು."

ಹೆಂಗಸರ ವಾರ್ಡಿನಲ್ಲಿ ನಾಲ್ಕು ಮಂಚ. ನನ್ನದು ಜಗಲಿ ಕಡೆಯ ಕಿಟಕಿಯ ಪಕ್ಕ. ಬಟ್ಟೆಗಂಟು ಇಳಿಸುತ್ತಿದ್ದೆ, "ಹೊಸಬ್ರಾ? ಒಸಿ ಇತ್ಲಾಗಿ ಬನ್ನಿ, ಕನ್ನಡೀಲಿ ಕಾಣ್ತಿಲ್ಲ" ಎಂದು ಯಾರೋ ಕರೆದರು. ತಿರುಗಿ ನೋಡಿದರೆ ಪಕ್ಕದ ಮಂಚದಲ್ಲಿ ಹೆಂಗಸೊಬ್ಬಳು ಹಲಗೆಯ ಮೇಲೆ ಅಂಗಾತ ಮಲಗಿದ್ದಾಳೆ. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್. ಕತ್ತು ತಿರುಗಿಸುವ ಹಾಗಿಲ್ಲ. ಕೈಯಲ್ಲಿ ಅಂಗೈಯಗಲದ ಒಂದು ಕನ್ನಡಿ, ಅದರೊಳಗೆ ಎರಡು ನಗುವ ಕಣ್ಣು.

"ನಿಮ್ದು ಎದೆ, ನಂದು ಬೆನ್ನು. ಹುಳ ಒಂದೇ ಅಕ್ಕಾ, ಮನೆ ಬೇರೆ" ಎಂದಳು.

ಅವಳ ಹೆಸರು ಆರೋಗ್ಯಮ್ಮ. ಮಾದಪ್ಪನ ಬೆಟ್ಟದ ದಾರಿಯಲ್ಲಿ, ತಮಿಳು ಮಾತಾಡುವ ಕ್ರೈಸ್ತರ ಒಂದು ಹಳ್ಳಿಯವಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ಮಕ್ಕಳಿರಲಿಲ್ಲ. ಗಂಡ ಕೂಲಿ ಬಿಡುವಾದಾಗ ಬಂದು, ಅವಳ ಕಾಲು ನೀವಿ ಹೋಗುತ್ತಿದ್ದ. ಆರು ತಿಂಗಳಿಂದ ಅವಳು ಹಾಗೇ ಮಲಗಿದ್ದಳು. ಬಾಗಿಲು, ಅಂಗಳದ ಹೊಂಗೆಮರ, ಬರುವವರು ಹೋಗುವವರು, ಎಲ್ಲ ಆ ಕನ್ನಡಿಯೊಳಗೆ. ಯಾರ ಸೀರೆಯ ಹಿಂಬದಿ ಹರಿದಿದೆ, ಯಾವ ಸಿಸ್ಟರ್ ಇವತ್ತು ಮುನಿಸಿಕೊಂಡಿದ್ದಾರೆ ಎಂಬುದು ನಡೆದಾಡುವ ನಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಎದೆಯ ಮೇಲೆ ತಟ್ಟೆ ಇಟ್ಟರೆ ಅಡುಗೆಮನೆಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದಳು.

ಬೆಳಿಗ್ಗೆ ಮೈ ಒರೆಸುವಾಗ ಇಬ್ಬರು ಸಿಸ್ಟರ್‌ಗಳು ಅವಳನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸುತ್ತಿದ್ದರು. ಆಗ ಅವಳು ಟವೆಲು ಕಚ್ಚಿ ಹಿಡಿಯುತ್ತಿದ್ದಳು, ಮುಖ ಕಪ್ಪಿಟ್ಟುಹೋಗುತ್ತಿತ್ತು. ಟವೆಲು ಬಾಯಿಗೆ ಹೋಗುವ ಮುಂಚೆ ಮಾತ್ರ ಒಂದು ಹೆಸರು ಹೇಳುತ್ತಿದ್ದಳು. ಒಂದು ದಿನ "ಅಂತೋಣಿ." ಇನ್ನೊಂದು ದಿನ "ಪಕ್ಕದ್ಮನೆ ಮುದುಕಿ. ಬಾಯಿ ಜಾಸ್ತಿ ಅವ್ಳ್ದು, ಆದ್ರೂ ಅವ್ಳಿಗೇ."

"ದಿನಾ ಯಾರ್ನ ಕರೀತಿಯಾ?" ಎಂದು ಒಂದು ಸಲ ಕೇಳಿದೆ.

"ಕರಿಯೋದಲ್ಲಕ್ಕಾ. ಕೊಡೋದು."

"ಏನ್ನ?"

"ನೋವ. ಹೊರಳಿಸ್ವಾಗ ಹೆಂಗೂ ನೋವು ಬರ್ತದೆ. ಸುಮ್ನೆ ದಂಡ ಯಾಕಾಗ್ಬೇಕು? ಆಂಡವರೇ, ಇದು ನನ್ ತಮ್ಮ ಅಂತೋಣಿಗೆ ಅಂತ ಹೆಸ್ರು ಹಾಕಿ ಕೊಟ್ಬಿಡ್ತೀನಿ. ಲಾರಿ ಓಡಿಸ್ತಾನೆ ಅವ್ನು, ಕುಡೀತಾನೆ." ಆಂಡವರೆಂದರೆ ಅವಳ ತಮಿಳಿನಲ್ಲಿ ದೇವರು.

"ನೋವ್ ಕೊಟ್ರೆ ಅವ್ನಿಗೆ ನೋವಾಗಲ್ವಾ?"

ಅವಳು ನಗಲು ಹೋಗಿ "ಅಯ್ಯಯ್ಯೋ" ಎಂದು ಪ್ಲಾಸ್ಟರನ್ನು ಹಿಡಿದುಕೊಂಡಳು. "ನಗಿಸ್ಬೇಡಕ್ಕಾ, ಮೂಳೆ ಅಲ್ಲಾಡ್ತದೆ. ನೋವು ಆಂಡವರ ಕೈಗೆ ಹೋಗ್ತದೆ. ಅಂತೋಣಿಗೆ ಹೋಗೋದು ಒಳ್ಳೇದು."

ನಮ್ಮಲ್ಲಿ ಹರಕೆ ಗೊತ್ತು. ಮಗಳ ಜ್ವರ ಬಿಟ್ಟರೆ ಬೆಟ್ಟಕ್ಕೆ ಬಂದು ಮುಡಿ ಕೊಡುತ್ತೇನೆ ಎನ್ನುತ್ತೇವೆ. ಜ್ವರ ಬಿಟ್ಟ ಮೇಲೆ ಕೊಡುತ್ತೇವೆ. ಇವಳು ಮೊದಲೇ ಕೊಟ್ಟುಬಿಡುತ್ತಿದ್ದಳು. ಅದೂ ಬೇರೆಯವರಿಗೆ. ತಲುಪಿತೋ, ಫಲ ಬಂತೋ ಎಂದು ಕೇಳುತ್ತಲೂ ಇರಲಿಲ್ಲ. ಕಂಡಿಕೆ ಸುತ್ತುವಾಗ ನೂಲು ಎಲ್ಲಿಂದ ಬಂದು ಎಲ್ಲಿಗೆ ಹೋಯಿತು ಎಂದು ನೋಡುವುದು ನನ್ನ ಕೈಯ ಅಭ್ಯಾಸ. ಇದರ ಕೊನೆ ಮಾತ್ರ ನನಗೆ ಸಿಗಲಿಲ್ಲ.

ಭಾನುವಾರ ಪಾದ್ರಿಗಳು ಬಂದು ಜಗಲಿಯ ಕೊನೆಯಲ್ಲಿ ಪೂಜೆ ಮಾಡುತ್ತಿದ್ದರು. ಅದಕ್ಕೆ ಬಲಿಪೂಜೆ ಎನ್ನುತ್ತಾರೆ ಎಂದು ಗೊತ್ತಾದಾಗ ನನಗೆ ಮಾರಮ್ಮನ ಗುಡಿಯ ಮುಂದಿನ ಕಲ್ಲು ಕಣ್ಣಿಗೆ ಬಂತು.

"ಏನ್ ಕಡೀತಾರೆ? ಕೋಳಿಯಾ, ಮರಿಯಾ?"

"ಯಾರ್ನೂ ಕಡಿಯಂಗಿಲ್ಲಕ್ಕಾ ಇನ್ಮೇಲೆ" ಎಂದಳು, ಈ ಸಲ ನಗದೆ. "ಎಲ್ರಿಗೂ ಸೇರ್ಸಿ ಏಸಪ್ಪನೇ ಒಂದ್ಸಲ ಸತ್ರು. ಮುಗೀತು. ಅದನ್ನೇ ನೆನ್ಸ್ಕೊಳ್ಳೋದು. ನಂದು ಅದರ ಪಕ್ಕ ಇಡೋ ಚೂರು ಅಷ್ಟೇ."

ವಿಭೂತಿ ಬುಧವಾರ ಎಂಬ ಒಂದು ದಿನ ಎಲ್ಲರ ಹಣೆಗೂ ಬೂದಿ ಹಚ್ಚಿದರು. ಅಲ್ಲಿಂದ ಈಸ್ಟರ್ ಹಬ್ಬದವರೆಗೆ ನಲವತ್ತು ದಿನ ಅವರ ತಪಸ್ಸು ಕಾಲವಂತೆ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಒಂದು ಹೊತ್ತಿನ ಊಟ. ಆರೋಗ್ಯಮ್ಮ ನೋವಿನ ಮಾತ್ರೆ ಬಿಡಲು ಹೋಗಿ ಡಾಕ್ಟರ್ ಸಿಸ್ಟರ್ ಹತ್ತಿರ ಬೈಸಿಕೊಂಡಳು. "ಮಾತ್ರೆ ಬಿಡೋದು ತಪಸ್ಸಲ್ಲ, ಹಟ. ನುಂಗಿ." ನುಂಗಿದಳು, ಮುಖ ಸಣ್ಣದು ಮಾಡಿಕೊಂಡು.

ಆ ವಾರದಲ್ಲೇ ನನಗೆ ಅನ್ನ ಕಂಡರೆ ಓಕರಿಕೆ ಶುರುವಾಯಿತು. ನಾಲ್ಕನೇ ದಿನ ಆರೋಗ್ಯಮ್ಮ ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿ, "ಅಕ್ಕಾ, ಬೆಳಕಿಗೆ ಬಾ" ಎಂದಳು. ಹೋದೆ. "ಸಿಸ್ಟರ್" ಎಂದು ಕೂಗಿದಳು. ನನ್ನ ಕಣ್ಣಿನ ಬಿಳಿ ಭಾಗ ಅರಿಸಿನವಾಗಿತ್ತು.

ಆ ಮಾತ್ರೆಗಳು ಕೆಲವರ ಈಲಿಗೆ ಆಗಿಬರುವುದಿಲ್ಲವಂತೆ. ಡಾಕ್ಟರ್ ಸಿಸ್ಟರ್ ಸೂಜಿಯೊಂದನ್ನು ಬಿಟ್ಟು ಮಿಕ್ಕ ಮಾತ್ರೆಗಳನ್ನು ನಿಲ್ಲಿಸಿದರು. "ಕಾಮಾಲೆ ಇಳಿದರೆ ಒಂದೊಂದಾಗಿ ಮತ್ತೆ ಶುರುಮಾಡೋಣ" ಎಂದರು. ಇಳಿಯದಿದ್ದರೆ? ಮಾತ್ರೆ ನುಂಗಿದರೆ ಈಲಿ ಹೋಗುತ್ತದೆ, ನುಂಗದಿದ್ದರೆ ಎದೆ ಹೋಗುತ್ತದೆ. ಮಲಗಿದರೆ ಅವ್ವನ ಕೊಟ್ಟಿಗೆ ಕಾಣುತ್ತಿತ್ತು. ಸುಧಾಳಿಗೆ ಆಗ ಹತ್ತು ವರ್ಷ. ಅವ್ವ ಹೋದಾಗ ನನಗೂ ಹತ್ತೇ.

ಅತ್ತೆ ಬಂದವರು ನನ್ನ ಕಣ್ಣು ನೋಡಿ ಮಂಚ ಹಿಡಿದುಕೊಂಡರು. "ನಡಿ, ಯಳಂದೂರಿಗೆ ಓಗಣ. ಅಲ್ಲಿ ಕಾಮಾಲೆಗೆ ಸೊಪ್ಪಿನ ಔಸ್ದಿ ಕೊಡೋರವ್ರೆ." ಡಾಕ್ಟರ್ ಸಿಸ್ಟರ್ ಕೈ ಮುಗಿದು ತಡೆದರು. "ಅಮ್ಮಾ, ಈಗ ಈಲಿಗೆ ಬೇರೆ ಏನೂ ಹಾಕಬೇಡಿ. ಕಾಯಬೇಕು ಅಷ್ಟೇ." ಅತ್ತೆ ನೆಲದ ಮೇಲೆ ಕುಳಿತುಬಿಟ್ಟರು. ಕಾಯುವುದು ಎಂಬ ಔಷಧ ಅವರಿಗೆ ಗೊತ್ತಿರಲಿಲ್ಲ.

ಆಗ ಆರೋಗ್ಯಮ್ಮ ಸೂರು ನೋಡುತ್ತಲೇ ಹೇಳಿದಳು: "ಅಮ್ಮಾ, ಅಳಬೇಡಿ. ಇವತ್ತಿಂದ ಈಸ್ಟರ್ ತಂಕ ನನ್ನದೆಲ್ಲಾ ರತ್ನಕ್ಕನಿಗೇ. ಅಂತೋಣಿಗೂ ಇಲ್ಲ, ಯಾರ್ಗೂ ಇಲ್ಲ. ಅಕ್ಕನದು ನಾನು ಹೊರ್ತೀನಿ." ಹಾಗೆಂದು ಕನ್ನಡಿಯನ್ನು ನನ್ನ ಕಡೆ ಚಾಚಿದಳು. "ತಕೋ. ದಿನಾ ಬೆಳಿಗ್ಗೆ ಕಣ್ಣು ನೋಡ್ಕೋ."

ನಾನು ತೆಗೆದುಕೊಂಡೆ. ಕಿಟಕಿಯ ಹತ್ತಿರ ಹೋಗಿ ಕಣ್ಣಿನ ರೆಪ್ಪೆ ಎಳೆದು ನೋಡುವುದು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಹಾಕುವುದು, ಇದರಲ್ಲೇ ಎರಡು ದಿನ ಕಳೆದವು. ಮೂರನೆಯ ದಿನ ಹೊಂಗೆಮರದಲ್ಲಿ ಏನೋ ಹಕ್ಕಿ ಗಲಾಟೆ ಮಾಡಿತು. "ಏನಕ್ಕಾ ಅದು?" ಎಂದು ಅವಳು ಕೇಳಿದಾಗ ನನಗೆ ಚುಚ್ಚಿದ ಹಾಗಾಯಿತು. ಅವಳಿಗೆ ಕಾಣುತ್ತಿದ್ದದ್ದು ಹೆಂಚು, ಎರಡು ತೊಲೆ, ಒಂದು ಜೇಡರ ಬಲೆ. ಅಷ್ಟೇ. ಅವಳ ಇಡೀ ಲೋಕ ನನ್ನ ದಿಂಬಿನ ಕೆಳಗಿತ್ತು. ವಾಪಸ್ ಕೊಡಲು ಹೋದೆ.

"ಮಾತ್ರೆ ಬಿಡಕ್ಕೆ ಬಿಡ್ಲಿಲ್ಲ ಸಿಸ್ಟರ್. ಇದಕ್ಕೆ ಬೈಯಲ್ಲ. ಇಟ್ಕೋ ಅಕ್ಕಾ, ಈಸ್ಟರ್ ತಂಕ."

ಅತ್ತೆ ಮುಂದಿನ ಸೋಮವಾರ ಬಂದರು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕಾಯಿಲೆ ಬಿಡದಿದ್ದರೆ ನಿಂಬೆಹಣ್ಣು, ಉಪ್ಪು, ಮೆಣಸಿನಕಾಯಿ ಹಿಡಿದು ಮಲಗಿದವರ ಮೇಲೆ ಮೂರು ಸಲ ನಿವಾಳಿಸುತ್ತಾರೆ. ಆಮೇಲೆ ಅದನ್ನು ಮೂರು ದಾರಿ ಕೂಡುವಲ್ಲಿ ಇಟ್ಟು ಹಿಂತಿರುಗಿ ನೋಡದೆ ಬರುತ್ತಾರೆ. ಯಾರು ಅದನ್ನು ತುಳಿಯುತ್ತಾರೋ ಕಾಯಿಲೆ ಅವರ ಬೆನ್ನು ಹತ್ತುತ್ತದೆ ಎಂಬ ನಂಬಿಕೆ. ಅತ್ತೆ ಗಂಟು ಬಿಚ್ಚಿ ನಿಂಬೆಹಣ್ಣು ತೆಗೆದು ನನ್ನ ಮೇಲೆ ನಿವಾಳಿಸಿದರು. ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಅವರು ಆರೋಗ್ಯಮ್ಮನ ಮಂಚದ ಹತ್ತಿರ ನಿಂತಿದ್ದರು.

"ನೀನೇ ಒತ್ಕತೀನಿ ಅಂದಿದ್ದೆಯಲ್ಲವ್ವ. ಬೀದೀಲಿಟ್ರೆ ಯಾರೋ ತಿಳೀದೋರು ತುಳೀತರೆ. ಪಾಪ. ಒಪ್ಕಂಡೋಳ ಕೈಗೇ ಕೊಡಾದು ನ್ಯಾಯ, ಅಲ್ವಾ?"

ನಾನು ಮಂಚದ ಮೇಲೆ ಎದ್ದು ಕುಳಿತೆ. ಆರೋಗ್ಯಮ್ಮ ಕೈ ಮೇಲೆತ್ತಿ ಅಂಗೈ ಬಿಚ್ಚಿದಳು. "ಕೊಡಿ ಅಮ್ಮಾ." ಅತ್ತೆ ಇಟ್ಟರು, ಹಿಂತಿರುಗಿ ನೋಡದೆ ಹೊರಗೆ ಹೋದರು.

"ನಿಂಗೆ ಅದೇನಂತ ಗೊತ್ತಾ?" ಎಂದೆ.

"ನಮ್ಮೂರಲ್ಲೂ ಸುತ್ತಿ ಹಾಕ್ತಾರೆ. ಗೊತ್ತಿಲ್ವಾ?"

"ಗೊತ್ತಿದ್ದೂ ತಕಂಡ್ಯಾ?"

"ಅಮ್ಮ ಅಷ್ಟು ದೂರದಿಂದ ತಂದಿದ್ರು ಅಕ್ಕಾ. ನಾನು ಬೇಡ ಅಂದ್ರೆ ಅವ್ರು ಪಾಪ ಎಲ್ಲಿಗೆ ಹೊತ್ಕೊಂಡು ಹೋಗ್ತಾರೆ?"

ನಿಂಬೆಹಣ್ಣನ್ನು ಅಡುಗೆಮನೆಗೆ ಕಳಿಸಿದಳು. ಅವತ್ತು ಎಲ್ಲರಿಗೂ ಚಿತ್ರಾನ್ನ. ನಾನು ಮುಟ್ಟಲಿಲ್ಲ. ಅವಳು ಎರಡು ಸಲ ಹಾಕಿಸಿಕೊಂಡಳು.

ಹದಿಮೂರನೆಯ ದಿನ ನನ್ನ ಕಣ್ಣಿನ ಮೂಲೆ ಬೆಳ್ಳಗೆ ಕಂಡಿತು. ಹಸಿವಾಯಿತು. ಗಂಜಿ ಸೇರಿತು, ಆಮೇಲೆ ಅನ್ನ. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರ್ ಸಿಸ್ಟರ್ ಮುಗುಳ್ನಕ್ಕು ಒಂದು ಮಾತ್ರೆ ಶುರುಮಾಡಿದರು, ಐದು ದಿನ ನೋಡಿ ಎರಡನೆಯದು. ಕಾಮಾಲೆ ಮರಳಲಿಲ್ಲ.

ಅದೇ ವಾರ ಬೆಳಿಗ್ಗೆ ಆರೋಗ್ಯಮ್ಮನನ್ನು ಹೊರಳಿಸಿದಾಗ ಅವಳು ಟವೆಲು ಕಚ್ಚಲಿಲ್ಲ. "ಸಿಸ್ಟರ್, ಎಡಗಾಲು ಎಲ್ಲಿದೆ? ಇದೆಯಾ?" ಎಂದಳು. ತಮಾಷೆ ಎಂದುಕೊಂಡೆವು. ಡಾಕ್ಟರ್ ಸಿಸ್ಟರ್ ಬಂದು ಪಾದಕ್ಕೆ ಪಿನ್ನು ಚುಚ್ಚಿದರು. ಹನಿ ರಕ್ತ ಬಂತು. ಅವಳಿಗೆ ಗೊತ್ತಾಗಲಿಲ್ಲ. ಎರಡು ದಿನದಲ್ಲಿ ಬಲಗಾಲೂ ಭಾರವಾಯಿತು.

ನಾನು ಕಿಟಕಿಯ ಹತ್ತಿರ ನಿಂತು ಕನ್ನಡಿ ನೋಡಿಕೊಂಡೆ. ಕಣ್ಣು ಹಾಲಿನ ಹಾಗೆ ಬೆಳ್ಳಗಿತ್ತು. ಕನ್ನಡಿಯನ್ನು ಬೋರಲು ಹಾಕಿದೆ. ನಾನು ಎದ್ದೆ, ಅವಳು ಬಿದ್ದಳು. ಕೊಟ್ಟವರೂ ನಾವೇ, ಕೈಗೇ ಕೊಟ್ಟೆವು.

ಡಾಕ್ಟರ್ ಸಿಸ್ಟರ್ ಹತ್ತಿರ ಹೋಗಿ ನಿಂಬೆಹಣ್ಣಿನ ವಿಷಯ ಎಲ್ಲ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. "ಅವರ ಬೆನ್ನುಮೂಳೆ ಪಕ್ಕ ಕೀವು ಕಟ್ಟಿಕೊಂಡು ನರ ಒತ್ತುತ್ತಿದೆ. ಅದು ನೀವು ಬರೋ ಮುಂಚಿನಿಂದ ಬೆಳೀತಿತ್ತು. ನಿಮ್ಮ ನಿಂಬೆಹಣ್ಣಿಗೂ ಅದಕ್ಕೂ ಸಂಬಂಧ ಇಲ್ಲ."

"ನನ್ನ ಕಣ್ಣು?"

"ಮಾತ್ರೆ ನಿಲ್ಲಿಸಿದ್ದರಿಂದ ಇಳೀತು." ನಾನು ಎದ್ದಾಗ ತಡೆದು ಹೇಳಿದರು: "ಅವರು ನಿಮಗೆ ಏನೂ ಕೊಡಲಿಲ್ಲ ಅಂತ ನಾನು ಹೇಳ್ತಿಲ್ಲ ರತ್ನಮ್ಮ. ಕಾಯಿಲೆ ಹಾಗೆ ಕೈ ಬದಲಾಗಲ್ಲ ಅಂತಿದ್ದೀನಿ, ಅಷ್ಟೇ."

ಅವರ ಮಾತನ್ನು ನಂಬಿದೆ. ಇವತ್ತಿಗೂ ನಂಬುತ್ತೇನೆ. ಆದರೂ ಆ ದಿನ ಆರೋಗ್ಯಮ್ಮನ ತಲೆಯ ಹತ್ತಿರ ಕುಳಿತು ಬೇಡಿಕೊಂಡೆ: "ನನ್ ಹೆಸ್ರು ಹೇಳೋದು ನಿಲ್ಸು. ಇಳಿಸಿಬುಡು."

"ಈಗಾ? ಈಗ ತಾನೇ ದೊಡ್ಡದಾಗಿ ಏನೋ ಕೊಡಕ್ಕೆ ಸಿಕ್ಕಿದೆ" ಎಂದಳು. ಹೆದರಿದ್ದಳು. ತುಟಿ ಒಣಗಿತ್ತು. ಆದರೂ ಹೇಳಿದಳು. ನಾನು ಅವಳ ಮುಖವನ್ನೇ ನೋಡುತ್ತ ಕುಳಿತೆ. ಇಷ್ಟು ಹೆದರಿಕೆಯ ಒಳಗಿನಿಂದಲೂ ಮನುಷ್ಯರು ಕೊಡುವ ಮಾತಾಡುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೈಸೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಆಪರೇಷನ್ ಮಾಡಿಸಬೇಕು ಎಂದಾಯಿತು. ಶುಭ ಶುಕ್ರವಾರದ ಹಿಂದಿನ ದಿನ ಬೆಳಿಗ್ಗೆ ವ್ಯಾನು ಹೊರಡುವುದು. ಅಷ್ಟರಲ್ಲಿ ಅತ್ತೆ ಬಂದರು, ನನ್ನ ಕಣ್ಣು ಬೆಳ್ಳಗಾದ ಸುದ್ದಿ ಕೇಳಿ ರವೆಉಂಡೆ ಕಟ್ಟಿಕೊಂಡು. ನಾನು ಡಬ್ಬಿ ಮುಟ್ಟಲಿಲ್ಲ.

"ನೋಡಿ ಅತ್ತೆ. ಕೈಗೇ ಕೊಟ್ರಲ್ಲ. ನೋಡಿ ಅವ್ಳ ಕಾಲ" ಎಂದೆ. ಮದುವೆಯಾದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು.

ಅತ್ತೆ ಹೊದಿಕೆ ಸರಿಸಿ ಪಾದ ಮುಟ್ಟಿದರು. ಹಿಂಡಿದರು. ಅಂಗಾಲಿಗೆ ಉಗುರಿನಿಂದ ಕಚಗುಳಿ ಇಟ್ಟರು. ಕಾಲು ಸುಮ್ಮನಿತ್ತು. ಅವರು ನಿಧಾನವಾಗಿ ಮಂಡಿಯೂರಿ ಎರಡೂ ಕೈಯಲ್ಲಿ ಸೆರಗು ಒಡ್ಡಿದರು.

"ತಪ್ಪಾಯ್ತು ಕಣವ್ವ. ಅದ್ನ ವಾಪಸ್ ಕೊಟ್ಬುಡು. ನನ್ ಸೊಸೆಗಲ್ಲ, ನಂಗೆ. ಅರವತ್ತು ದಾಟ್ತು ನಂಗೆ. ಕಾಲಿದ್ರೂ ಅಷ್ಟೇ, ಬುಟ್ರೂ ಅಷ್ಟೇ. ನಿಂಗಿನ್ನೂ ವಯಸ್ಸದೆ. ಆಕು ಇಲ್ಲಿಗೆ."

ತಟ್ಟೆಗೆ ಗೀಟು ಎಳೆದ ಹೆಂಗಸು. ಯಾರ ಮನೆಯಲ್ಲೂ ತಲೆ ತಗ್ಗಿಸದವರು. ಬಿಳಿ ತಲೆ ಮಂಚದ ಹಲಗೆಗೆ ತಾಗುತ್ತಿತ್ತು.

"ಅಮ್ಮಾ, ಎಲ್ಲಿದ್ದೀರಾ? ನಂಗೆ ಕಾಣ್ತಿಲ್ಲ, ಕೆಳಗ್ ಕೂರ್ಬೇಡಿ" ಎಂದಳು ಆರೋಗ್ಯಮ್ಮ ಗಾಬರಿಯಿಂದ. ನಾನು ಕನ್ನಡಿಯನ್ನು ಅವಳ ಕೈಗೆ ತುರುಕಿದೆ. ಈ ಸಲ ಬೇಡ ಎನ್ನಲಿಲ್ಲ. ಅದರಲ್ಲಿ ಅತ್ತೆಯನ್ನು ಹುಡುಕಿ, ಒಡ್ಡಿದ ಸೆರಗನ್ನು ಕಂಡು, ಎಷ್ಟೋ ಹೊತ್ತು ನೋಡಿದಳು.

"ಜಗಲಿಯಲ್ಲಿ ಐದನೇ ಪಟ ನೋಡಿದ್ದೀರಾ ಅಮ್ಮಾ? ಒಬ್ಬ ಹೊಲದಿಂದ ಬರ್ತಿರ್ತಾನೆ. ಅವನ ಪಾಡಿಗೆ ಅವನು. ಹಿಡಿದು ಶಿಲುಬೆ ಹೊರಿಸ್ತಾರೆ. ಇಡೀದಲ್ಲ, ಒಂದು ಪಕ್ಕ. ಮುಂದೆ ಏಸಪ್ಪ, ಹಿಂದೆ ಅವನು." ಉಸಿರು ತೆಗೆದುಕೊಂಡಳು. "ವಾಪಸ್ ಕೊಡಕ್ಕೆ ಬರಲ್ಲಮ್ಮಾ ಇದು. ಬೇಕಾದ್ರೆ ನೀವೂ ಒಂದು ಪಕ್ಕ ಹಿಡ್ಕೊಳ್ಳಿ."

"ಎಂಗ್ ಇಡ್ಕಳಾದು?"

"ನಿಮ್ಗೇ ಗೊತ್ತಾಗ್ತದೆ."

ವ್ಯಾನಿಗೆ ಹಲಗೆಯ ಸಮೇತ ಎತ್ತಿದರು. ಕನ್ನಡಿ ಮೇಲೆತ್ತಿ ಹೊಂಗೆಮರ ನೋಡಿದಳು, ನಮ್ಮಿಬ್ಬರನ್ನು ನೋಡಿದಳು, ಬಾಗಿಲು ಮುಚ್ಚಿತು. ಅತ್ತೆ ಜಗಲಿಗೆ ಹೋಗಿ ಆ ಐದನೇ ಪಟದ ಮುಂದೆ ಬಸ್ಸಿನ ಹೊತ್ತಾಗುವವರೆಗೆ ನಿಂತಿದ್ದರು.

ಈಸ್ಟರ್ ಕಳೆದು ಕೆಲವು ವಾರಕ್ಕೆ ನನ್ನ ಕಫದಲ್ಲಿ ಹುಳ ಇಲ್ಲ ಎಂದಾಯಿತು. ಮನೆಗೆ ಕಳಿಸಿದರು, ಮಾತ್ರೆ ಇನ್ನೂ ಹಲವು ತಿಂಗಳು. ಮನೆಯಲ್ಲಿ ನನ್ನ ತಟ್ಟೆ ಎಲ್ಲರ ತಟ್ಟೆಗಳ ನಡುವೆ ಸೇರಿಹೋಗಿತ್ತು. ಒಂದು ದಿನ ಅತ್ತೆಯೇ ಅದರಲ್ಲಿ ಉಣ್ಣುತ್ತಿದ್ದುದನ್ನು ಕಂಡೆ. ಇನ್ನೊಂದು ವಿಷಯ ಕಂಡೆ. ಊಟವಾದ ಮೇಲೆ ಎಲೆಅಡಿಕೆ ಇಲ್ಲದೆ ಎದ್ದವರಲ್ಲ ಅವರು. ಈಗ ಅವರ ಎಲೆಅಡಿಕೆ ಚೀಲ ಮೊಳೆಗೆ ನೇತುಬಿದ್ದು, ಒಳಗಿನ ಎಲೆ ಒಣಗಿ ಪುಡಿಯಾಗಿತ್ತು. ಹಲ್ಲು ನೋವಾ ಎಂದು ಕೇಳಿದೆ. "ಊ" ಎಂದರು.

ಆರೋಗ್ಯಮ್ಮನ ಸುದ್ದಿ ಹನೂರಿನಿಂದ ಒಮ್ಮೆ ಬಂತು: ಆಪರೇಷನ್ ಆಗಿದೆ, ಕಾಲು ಇನ್ನೂ ಬಂದಿಲ್ಲ. ಮಳೆಗಾಲದಲ್ಲಿ ಇನ್ನೊಮ್ಮೆ: ಊರಿಗೆ ಕಳಿಸಿದ್ದಾರೆ. ಆಮೇಲೆ ಏನೂ ಇಲ್ಲ. ನಾನು ಕೊನೆಯ ಮಾತ್ರೆ ನುಂಗಿದ್ದು ದೀಪಾವಳಿಯ ವಾರ. ಮಾರನೆಯ ದಿನ ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನಡಿ, ಓಗಿ ನೋಡ್ಕಬರಣ. ಇನ್ ತಡಿಯಾಕಾಗದಿಲ್ಲ ನಂಗೆ."

ಕೊಳ್ಳೇಗಾಲದಿಂದ ಹನೂರು, ಹನೂರಿನಿಂದ ಬೆಟ್ಟದ ಬಸ್ಸು. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಬಾಗಿಲಲ್ಲಿ ಹಲಗೆ ಕಂಡರೆ ನಾನು ಹೇಗೆ ಒಳಗೆ ಹೋಗಲಿ?

ಹಲಗೆ ಇರಲಿಲ್ಲ. ಸಣ್ಣ ಹೆಂಚಿನ ಮನೆಯ ಮುಂದೆ ಸ್ಟೂಲಿನ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಬೆನ್ನು ಗೂನಾಗಿತ್ತು. ನಮ್ಮನ್ನು ಕಂಡವಳೇ "ರತ್ನಕ್ಕಾ" ಎಂದು ಕೂಗಿ, ಗೋಡೆ ಹಿಡಿದು ಎದ್ದು ನಿಂತಳು. ನಿಂತ ಆರೋಗ್ಯಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಭುಜಕ್ಕೆ ಬರುತ್ತಿದ್ದಳು. ಎಡಗಾಲನ್ನು ಎಳೆದುಕೊಂಡು ನಾಲ್ಕು ಹೆಜ್ಜೆ ಬಂದು ನನ್ನನ್ನು ತಬ್ಬಿದಳು. ಅತ್ತೆ ಅವಳ ಕಾಲನ್ನೇ ನೋಡುತ್ತಿದ್ದರು.

ಕುಡಿಯಲು ನೀರು ಕೊಟ್ಟಳು, ಕಾಫಿ ಕೊಟ್ಟಳು. ಆಮೇಲೆ ಎಲೆಅಡಿಕೆ ತಟ್ಟೆ ತಂದು ಅತ್ತೆಯ ಮುಂದಿಟ್ಟಳು.

"ಬ್ಯಾಡ ಕಣವ್ವ. ಬುಟ್ಬುಟ್ಟೆ."

"ಯಾಕಮ್ಮಾ?"

ಅತ್ತೆ ನನ್ನ ಕಡೆ ನೋಡಿ, ಅಂಗಳದ ಕಡೆ ನೋಡಿ, ಕದ್ದು ಸಿಕ್ಕಿಬಿದ್ದವರಂತೆ ಹೇಳಿದರು. "ನೀನೇ ಅಂದ್ಯಲ್ಲ, ಒಂದ್ ಪಕ್ಕ ಇಡ್ಕ ಅಂತ. ನಂಗೇನ್ ಗೊತ್ತು? ನಂಗೆ ಇದೊಂದೇ ಆಸೆ ಇದ್ದದ್ದು. ನಿಂಗೆ ಕಾಲು ಬರ್ಲಿ ಅಂತ ಅವತ್ತಿಂದ ಬಾಯ್ಗೆ ಆಕಿಲ್ಲ."

ದಿನವೂ ಹೊರಳಿಸುವಾಗ ಕಣ್ಣಲ್ಲಿ ಒಂದು ಹನಿ ಬಾರದಿದ್ದವಳು ಸ್ಟೂಲಿನ ಮೇಲೆ ಕುಳಿತು ಬಿಕ್ಕಿಬಿಕ್ಕಿ ಅತ್ತಳು. "ನನ್ ಹೆಸ್ರಲ್ಲಿ ಯಾರೂ ಏನೂ ಬಿಟ್ಟಿರ್ಲಿಲ್ಲ ಅಮ್ಮಾ ಇಲ್ಲೀಗಂಟ" ಎಂದಳು.

"ಅಯ್ಯೋ ಸುಮ್ಕಿರು, ಅಳಬ್ಯಾಡ" ಎಂದರು ಅತ್ತೆ, ತಾವೂ ಮೂಗೊರೆಸಿಕೊಳ್ಳುತ್ತ. "ಒಂದೇ ಯೋಚ್ನೆ ನಂಗೆ. ನಿಮ್ ದೇವ್ರ ಪರಿಚಯ ಇಲ್ಲ. ಅದ್ಕೆ ನಮ್ ಮಾದಪ್ಪನ್ಗೇ ಏಳ್ದೆ. ಅವ್ಳ ಊರು ನಿನ್ ಬೆಟ್ಟದ ದಾರೀಲೇ ಅದಲ್ಲಪ್ಪ, ಅವ್ಳ ದೇವ್ರಿಗೆ ತಲುಪ್ಸ್‌ಬುಡು ಅಂತ. ತಲುಪ್ತೋ ಇಲ್ವೋ?"

ಆರೋಗ್ಯಮ್ಮ ಕಣ್ಣೊರೆಸಿಕೊಂಡು ಸೀರೆಯನ್ನು ಪಾದದ ಮೇಲಿನಿಂದ ಸ್ವಲ್ಪ ಎತ್ತಿದಳು. ಎಡಗಾಲಿನ ಹೆಬ್ಬೆರಳನ್ನೇ ದಿಟ್ಟಿಸಿದಳು. ನಾವಿಬ್ಬರೂ ಬಗ್ಗಿ ನೋಡಿದೆವು. ಬೆರಳು ತಡೆದು ತಡೆದು ಮೇಲೆದ್ದಿತು, ಕೆಳಗಿಳಿಯಿತು, ಮತ್ತೊಮ್ಮೆ ಎದ್ದಿತು.

"ತಲುಪ್ತು ಅಮ್ಮಾ" ಎಂದಳು.